ಅವ್ವನ ಸಂಚಿಯ ಗುಲಾಬಿ ಗುಳಿಗೆ

ಗುಳಿಗೆಯ ಬಣ್ಣ ಬದಲಾದ ದಿನವೇ ಅವ್ವನ ಮನಸ್ಸು ಕೆಟ್ಟಿತು. ಗೋಕಾಕದಲ್ಲಿದ್ದಾಗ ಬಿಪಿಗೆ ಗುಲಾಬಿ ಬಣ್ಣದ್ದು ನುಂಗುತ್ತಿದ್ದಳು. ಪುಣೆಗೆ ಬಂದು ಕೊಂಢವಾ ಬಡಾವಣೆಯ ನಮ್ಮ ಮನೆಯಲ್ಲಿ ಇರತೊಡಗಿದ ಮೇಲೆ ಇಲ್ಲಿಯ ಡಾಕ್ಟರ ಚೀಟಿಗೆ ಸಿಕ್ಕದ್ದು ಬಿಳಿಯದು. ಅದನ್ನು ಅಂಗೈಯಲ್ಲಿಟ್ಟುಕೊಂಡು, ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ನೋಡಿದಳು.

"ಇದು ಖರೇ ಗುಳಿಗಿ ಏನೋ? ಸುಣ್ಣದ ಉಂಡಿ ಹಂಗ ಕಾಣ್ತದ."

"ಡಾಕ್ಟರ್ ಬರಕೊಟ್ಟದ್ದವ್ವಾ."

"ಬರದಾಂವ ಡಾಕ್ಟರ್. ಕೊಟ್ಟಾಂವ ಅಂಗಡ್ಯಾಂವ."

ಆದರೂ ನನ್ನ ಹೆಂಡತಿ ನೀರಿನ ಲೋಟ ಹಿಡಿದು ಎದುರಿಗೆ ನಿಂತರೆ ಇಲ್ಲವೆನ್ನದೆ ನುಂಗುತ್ತಿದ್ದಳು.

ಬರಬರುತ್ತ ಅವಳ ಪಾದ ಬಾತವು. ಎದ್ದು ನಿಂತರೆ ತಲೆ ತಿರುಗುತ್ತಿತ್ತು. ಒಂದು ಬೆಳಿಗ್ಗೆ ದೇವರ ಮುಂದಿನಿಂದ ಏಳಹೋಗಿ ಗೋಡೆ ಹಿಡಿದುಕೊಂಡೇ ಕುಸಿದಳು. ಆಗ ನನಗೂ ಸಂಶಯ ಹತ್ತಿತು. ಅಂಗಡಿಯವನು ಹಳೆಯ ಮಾಲು ದಾಟಿಸಿದನೇ? ಹೋಗಿ ಕೇಳಿದರೆ ಅವನು ನನ್ನನ್ನೇ ಕಳ್ಳನ ಹಾಗೆ ನೋಡಿದ. ಹೆಂಡತಿ ಲೋಟವನ್ನು ನನ್ನ ಕೈಗಿಟ್ಟು, "ಇನ್ನ ಮುಂದ ನೀವಽ ಕೊಡ್ರಿ. ನಾಳೆ ನನ್ನ ಮ್ಯಾಲ ಬರ್ತದ" ಎಂದಳು.

ಅವ್ವನನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ರಕ್ತದೊತ್ತಡ ಬಹಳ ಇಳಿದಿತ್ತು. ಬೇರೆ ಏನು ಔಷಧ ತೆಗೆದುಕೊಳ್ಳುತ್ತೀರಿ ಎಂದು ಅವರು ಮರಾಠಿಯಲ್ಲಿ ಕೇಳಿದ್ದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. "ಏನೂ ಇಲ್ರಿ" ಎಂದಳು ಅವ್ವ. ಬಾಯಿ ಹಾಗೆ ಹೇಳಿತಾದರೂ ಕೈ ಸೊಂಟದ ಎಲೆಯಡಿಕೆ ಸಂಚಿಯನ್ನು ಮುಚ್ಚಿಕೊಂಡಿತು. ಡಾಕ್ಟರು ಅದನ್ನು ನೋಡಿ ಸುಮ್ಮನೆ ಕೈ ಚಾಚಿದರು.

ಸಂಚಿಯಿಂದ ಅಡಿಕೆ ಬಂತು, ಸುಣ್ಣದ ಡಬ್ಬಿ ಬಂತು, ಅದರ ಹಿಂದೆಯೇ ಗುಲಾಬಿ ಗುಳಿಗೆಯ ಪಟ್ಟಿಯೂ ಬಂತು. ಊರಿಂದ ಸೋದರಮಾವ ಸೇಂಗಾ ಚಟ್ನಿಹಿಂಡಿಯ ಡಬ್ಬಿಯಲ್ಲಿಟ್ಟು, ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸಿದ್ದನಂತೆ. ಬಸ್ಸು ನಿಲ್ಲುವ ಕಾತ್ರಜಕ್ಕೆ ಹೋಗಿ ಆ ಡಬ್ಬಿಯನ್ನು ಇಳಿಸಿಕೊಂಡು ಬಂದವನು ನಾನೇ!

"ಎರಡೂ ನುಂಗಿದಿ ಏನವ್ವಾ?"

"ಬಿಳೀದು ಸೊಸೀ ಸಮಾಧಾನಕ್ಕ. ಇದು ಬಿಪಿಗೆ."

ನಾನು ತಂದಿದ್ದ ಬಿಳಿ ಗುಳಿಗೆಯ ಪಟ್ಟಿಯನ್ನು ಅದರ ಪಕ್ಕ ಇಟ್ಟು ಡಾಕ್ಟರು ವಿವರಿಸಿದರು. ದೊಡ್ಡ ಅಕ್ಷರದ್ದು ಕಂಪನಿ ಇಟ್ಟ ಹೆಸರು, ಅದು ಬೇರೆ ಬೇರೆ. ಔಷಧದ ಸ್ವಂತ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿದೆ: ಎರಡರಲ್ಲೂ ಆಮ್ಲೋಡಿಪಿನ್, ಪ್ರಮಾಣವೂ ಅಷ್ಟೇ. ಅಂದರೆ ಅಜ್ಜಿ ದಿನಾ ಇಮ್ಮಡಿ ನುಂಗಿದ್ದಾರೆ. ಪಾದ ಬಾತದ್ದು ಅದರ ಅಡ್ಡಪರಿಣಾಮ, ತಲೆ ತಿರುಗಿದ್ದು ಒತ್ತಡ ಅತಿಯಾಗಿ ಇಳಿದದ್ದರಿಂದ. ಯಾವುದಾದರೂ ಸರಿ, ಒಂದೇ ನುಂಗಬೇಕು.

ನಾನು ಕನ್ನಡದಲ್ಲಿ ಹೇಳಿದೆ. ಅವ್ವ ಹುಬ್ಬು ಗಂಟಿಕ್ಕಿದಳು. "ಒಳಗ ಒಂದಽ ಇದ್ರ ಹೊರಗ ಎರಡು ಹೆಸರ್ಯಾಕ? ಏನೋ ಮುಚ್ಚತಾರ ನೋಡು."

ಎರಡನ್ನೂ ಬಹಳ ಹೊತ್ತು ನೋಡಿ, ಗುಲಾಬಿ ಪಟ್ಟಿಯನ್ನು ಡಾಕ್ಟರ ಕಡೆ ಸರಿಸಿದಳು. "ಬಿಳೀದಽ ಇರ್ಲಿ. ಆದ್ರ ಅದನ್ನ ನನ್ನ ಸೊಸೀನಽ ಕೊಡ್ಬೇಕು. ಇಂವಾ ನೀರು ಅರ್ಧಾ ಚೆಲ್ತಾನ."

ಮರುದಿನ ಹೆಂಡತಿ ಲೋಟ ಹಿಡಿದು ನಿಂತಳು, ಗುಳಿಗೆ ಮಾತ್ರ ಕೊಡಲಿಲ್ಲ. "ಅತ್ತಿ, ಮೊದಲ ಸಂಚಿ ತೋರಸ್ರಿ."

"ಏನವಾ, ಪೊಲೀಸ್ ಆದೀ?" ಎನ್ನುತ್ತ ಅವ್ವ ಸಂಚಿಯನ್ನು ಮಂಚದ ಮೇಲೆ ಕೊಡವಿದಳು. ಅಡಿಕೆ ಉರುಳಾಡಿತು, ಬೇರೆ ಏನೂ ಇರಲಿಲ್ಲ. "ಆತಿಲ್ಲೊ? ಈಗ ನೀ ಸಣ್ಣ ಅಕ್ಷರ ಓದು."

ಅವಳು ಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದಳು. ಅವ್ವ ಪೂರ್ತಿ ಕೇಳಿಸಿಕೊಂಡ ಮೇಲೆಯೇ ಗುಳಿಗೆಗೆ ಬಾಯಿ ತೆರೆದಳು.