ಸಾಲಿನ ತಲೆಯಲ್ಲಿ ಬಚ್ಚಿಟ್ಟ ಮಾತು

ಕಳೆದ ಶನಿವಾರ ನಮ್ಮ ಲೈಬ್ರರಿಯಲ್ಲಿ ಯಾರೋ ಮಕ್ಕಳಿಗೆ ಕುಂಚದಲ್ಲಿ ಚೀನೀ ಅಕ್ಷರ ಬರೆಯುವುದನ್ನು ಹೇಳಿಕೊಡುತ್ತಿದ್ದರು. ಕಲ್ಲಿನ ಮೇಲೆ ಮಸಿಯ ತುಂಡು ತೇಯ್ದಾಗ ಎದ್ದ ವಾಸನೆಗೆ ನಿಂತುಬಿಟ್ಟೆ. ಕಾಡಿಗೆಗೆ ಕರ್ಪೂರ ಬೆರೆಸಿದಂಥ ವಾಸನೆ…

ಫೋರ್ಟ್ ಲೀ ಎಂಬ ಊರಲ್ಲಿ ನಾವಿದ್ದ ಹನ್ನೊಂದನೇ ಮಹಡಿಯ ಎದುರು ಮನೆಯಿಂದ ಅದೇ ವಾಸನೆ ಬರುತ್ತಿತ್ತು. ಅಲ್ಲಿ ಎಂಬತ್ತರ ಹತ್ತಿರದ ಚೀನೀ ಹೆಂಗಸೊಬ್ಬರು ಒಬ್ಬರೇ ಇದ್ದರು. ನಮ್ಮ ಅಭ್ಯಾಸದಂತೆ ಅವರನ್ನೂ ಆಂಟಿ ಎಂದೇ ಕರೆದೆ. ಇವರ ಮನೆಯಲ್ಲೂ ಮಂಗಳಾರತಿ ಆಗುತ್ತದೇನೋ ಅಂದುಕೊಂಡು ಒಂದು ದಿನ ಕೇಳಿಯೇಬಿಟ್ಟೆ. ಅವರು ನಕ್ಕು, ಒಳಗೆ ಕರೆದು, ಮಸಿಯ ತುಂಡನ್ನು ನನ್ನ ಮೂಗಿಗೆ ಹಿಡಿದರು.

ಆಮೇಲೆ ವರ್ಕ್ ಫ್ರಂ ಹೋಮ್ ಇದ್ದ ಬುಧವಾರಗಳಲ್ಲೆಲ್ಲ ಅವರ ಮನೆಯಲ್ಲೇ ನನ್ನ ಚಹಾ. ಅವರ ಇಂಗ್ಲಿಷ್ ನಿಧಾನ, ನನ್ನ ಪ್ರಶ್ನೆಗಳಿಗೆ ಅವಸರ. ನಮ್ಮ ಹಳೆಯ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು ಅಂತ ಹೇಳಿದಾಗ ಅವರ ಕಣ್ಣರಳಿತು.

"ನಮ್ಮಲ್ಲಿ ಮೊದಲನೇ ಅಕ್ಷರದ ಆಟ," ಅಂದರು. "ಪ್ರತಿ ಸಾಲಿನ ಮೊದಲ ಅಕ್ಷರ ಸೇರಿಸಿ ಓದಿದರೆ ಬೇರೆಯೇ ಮಾತು. ತಲೆ ಬಚ್ಚಿಟ್ಟ ಪದ್ಯ ಅಂತ ಅದರ ಹೆಸರು."

"ಸುಮ್ಮನೆ ತಮಾಷೆಗೇನಾ?" ಎಂದು ಕೇಳಿದೆ. ಅವರು ಎದ್ದು ಹೋಗಿ ಮಡಿಕೆಗಳಲ್ಲಿ ಹರಿದಿದ್ದ ಒಂದು ಪತ್ರ ತಂದರು. ಅವರು ಹಾಂಗ್‌ಕಾಂಗ್‌ನಲ್ಲಿ ಓದುತ್ತಿದ್ದಾಗ ಚೀನಾದ ತಮ್ಮ ಊರಿನಿಂದ ಅಪ್ಪ ಬರೆದದ್ದು. ಅಲ್ಲಿ ಸರ್ಕಾರದವರು ಪತ್ರಗಳನ್ನು ಒಡೆದು ಓದುತ್ತಿದ್ದ ಕಾಲ. 'ಹೊಸ ವರ್ಷಕ್ಕೆ ತಪ್ಪದೆ ಬಾ' ಎಂದು ಬರೆದು, ಕೆಳಗೆ ಹೂವಿನ ಮೇಲೆ ನಾಲ್ಕು ಸಾಲಿನ ಪದ್ಯ. ಆಂಟಿ ರೈಲಿನ ಟಿಕೆಟ್ ತಂದು, ಪೆಟ್ಟಿಗೆಯನ್ನೂ ಕಟ್ಟಿಟ್ಟಿದ್ದರು.

"ಮೂರನೇ ಸಾಲು ಒಡ್ಡೊಡ್ಡಾಗಿತ್ತು," ಅಂದರು. "ಹೂವಿನ ಪದ್ಯದಲ್ಲಿ ‘ಮನೆ’ ಅನ್ನೋ ಮಾತು ಯಾಕೆ ಬಂತು? ನಮ್ಮಪ್ಪ ಮೇಷ್ಟ್ರು, ಅಂಥ ತಪ್ಪು ಮಾಡೋರಲ್ಲ. ಅದಕ್ಕೇ ಇನ್ನೊಂದು ಸಲ ಓದಿದೆ."

ಮೇಲಿನಿಂದ ಕೆಳಕ್ಕೆ ಬರೆದ ನಾಲ್ಕು ಸಾಲುಗಳು. ಅವುಗಳ ತಲೆಯ ಅಕ್ಷರಗಳ ಮೇಲೆ ಬಲದಿಂದ ಎಡಕ್ಕೆ ಬೆರಳಿಟ್ಟು ತೋರಿಸಿದರು. ಒಂದೊಂದು ಅಕ್ಷರವೂ ಒಂದೊಂದು ಪದ: ಬೇಡ, ಮರಳಿ, ಮನೆಗೆ, ಬರುವುದು. ಅಂದರೆ, 'ಮನೆಗೆ ಮರಳಿ ಬರಬೇಡ.'

ಅವರು ಹೋಗಲಿಲ್ಲ. ಆ ರೈಲು ಅವರನ್ನು ಬಿಟ್ಟೇ ಹೋಯಿತು…

ನಾನು ಆ ಅಕ್ಷರಗಳನ್ನು ಮತ್ತೆ ಮತ್ತೆ ಕೇಳಿ ಕಲಿತೆ. ಇದು ಯಾವುದು, ಹೀಗೇಕೆ ಬರೆಯುತ್ತಾರೆ, ಹೂವಿನ ಅರ್ಥ ಕೆಡದಂತೆ ಹೇಗೆ ಕೂರಿಸಿದರು… ನನ್ನ ಕುತೂಹಲಕ್ಕೆ ಕೊನೆಯೇ ಇರಲಿಲ್ಲ. ಅವರು ಬೇಸರಿಸದೆ ಹೇಳಿದರು.

ಎರಡು ವರ್ಷದ ನಂತರ ಒಂದು ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಮನೆ ಖಾಲಿ ಮಾಡಲು ಬಾಸ್ಟನ್‌ನಿಂದ ಮಗಳು ಬಂದಳು. ಇಲ್ಲೇ ಹುಟ್ಟಿ ಬೆಳೆದವಳು, ಚೀನೀ ಓದಲು ಬಾರದು. ಆ ಪತ್ರ ಹಿಡಿದು, "ತಾತ ಬರೆದ ಹೂವಿನ ಪದ್ಯ ಅಂತ ಅಮ್ಮ ಹೇಳುತ್ತಿದ್ದರು," ಅಂದಳು.

ಧಾರವಾಡದ ನಾನು ಅವಳ ತಾತನ ಅಕ್ಷರಗಳ ಮೇಲೆ ಬಲದಿಂದ ಎಡಕ್ಕೆ ಬೆರಳಾಡಿಸಿ ಓದಿ ಹೇಳಿದೆ. ಅವಳು ಗೋಡೆಗೊರಗಿ ಅಲ್ಲೇ ನೆಲದ ಮೇಲೆ ಕುಳಿತಳು. "ಆಮೇಲೆ ತಾತನಿಗೆ ಏನಾಯಿತು?" ಎಂದಳು.

ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಅಷ್ಟು ಬುಧವಾರಗಳು ಎದುರಿಗೇ ಕುಳಿತಿದ್ದರೂ ಅದೊಂದನ್ನು ನಾನು ಕೇಳಿರಲೇ ಇಲ್ಲ.