ಲಕ್ಷ್ಮಿಯ ಮುಂದಿಟ್ಟ ಜಾಹೀರಾತು

ನಾನು ಮಾಡುತ್ತಿದ್ದ ಕೆಲಸಕ್ಕೇ ಜನ ಬೇಕಾಗಿದ್ದಾರೆ ಎಂದು ಭಾನುವಾರದ ಪೇಪರಿನಲ್ಲಿ ಜಾಹೀರಾತು ಬಂದ ದಿನ ನಾವು ಗಂಡ ಹೆಂಡತಿ ಖುಷಿಯಾಗಿ ಎರಡೆರಡು ಸಲ ಕಾಫಿ ಕುಡಿದೆವು. ಮೈಸೂರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿದರೆ, ನನ್ನನ್ನು ಕೆಲಸದಿಂದ ತೆಗೆದರು ಅಂದುಕೊಂಡು ಅವಳು ಅಳುವುದಕ್ಕೇ ಶುರು ಮಾಡಿದಳು. ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಅವಳಿಗೆ ಹೇಳಿದ್ದು ಇಷ್ಟು. ಕಂಪನಿ ಕರೆಸಿಕೊಳ್ಳುವ ವೀಸಾಗೆ ಇಲ್ಲಿ ಅಮೆರಿಕದಲ್ಲಿ ಆರು ವರ್ಷದ ಆಯಸ್ಸು. ಆಮೇಲೂ ಇರಬೇಕಾದರೆ ಐದನೇ ವರ್ಷ ಮುಗಿಯುವುದರೊಳಗೆ ಕಂಪನಿ ನಮ್ಮ ಪರವಾಗಿ ಗ್ರೀನ್ ಕಾರ್ಡಿನ ಮೊದಲ ಅರ್ಜಿ ಹಾಕಿರಬೇಕು. ಅದಕ್ಕೂ ಮೊದಲು, ಈ ಕೆಲಸಕ್ಕೆ ತಕ್ಕ ಅಮೆರಿಕದವರು ಯಾರೂ ಸಿಗಲಿಲ್ಲ ಎಂದು ಸರ್ಕಾರಕ್ಕೆ ತೋರಿಸಬೇಕು. ತೋರಿಸುವುದಕ್ಕೆ ಖಾಲಿಯೇ ಇಲ್ಲದ ಕುರ್ಚಿಗೆ, ನಾನು ಅದರಲ್ಲಿ ಕೂತಿರುವಾಗಲೇ, ಜನ ಬನ್ನಿ ಎಂದು ಕರೆಯಬೇಕು. ತಕ್ಕವರು ಒಬ್ಬರು ಬಂದರೂ ನನ್ನ ಅರ್ಜಿ ಅಲ್ಲಿಗೆ ನಿಂತಂತೆ. ಬಂದವರಿಗೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಮಾತ್ರ ಇಲ್ಲ. ಈ ಕಾನೂನು ಬರೆದವರ ತಲೆಯೊಳಗೆ ಏನಿತ್ತು ಎಂದು ನಾನು ಎಷ್ಟೋ ಸಲ ಬೈದುಕೊಂಡಿದ್ದೇನೆ.

ನಮ್ಮ ಕಂಪನಿ ಇವತ್ತು ನಾಳೆ ಎನ್ನುತ್ತ ಐದನೇ ವರ್ಷದ ಕೊನೆಯವರೆಗೂ ಎಳೆದಿತ್ತು. ನನಗೆ ಆತುರವಿದ್ದದ್ದು ನನಗೋಸ್ಕರ ಅಲ್ಲ. ನನ್ನ ಗಂಡ ಮೈಸೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೇಷ್ಟ್ರಾಗಿದ್ದವರು. ಹೆಂಡತಿಯ ವೀಸಾದ ಬಾಲ ಹಿಡಿದು ಬಂದ ಗಂಡನಿಗೆ ಇಲ್ಲಿ ದುಡಿಯುವ ಹಕ್ಕಿಲ್ಲ. ನನ್ನ ಆ ಮೊದಲ ಅರ್ಜಿ, ಅದರ ಬೆನ್ನಿಗೆ ಹಾಕುವ ಇನ್ನೊಂದು, ಎರಡೂ ಪಾಸಾದರೆ ಅವರಿಗೆ ಪರ್ಮಿಟ್ ಸಿಗುತ್ತಿತ್ತು. ಅಲ್ಲಿಯತನಕ ನನ್ನ ಊಟದ ಡಬ್ಬಿ, ಮಗಳ ಸ್ಕೂಲು, ಹಿತ್ತಲ ಹುಲ್ಲು. ಮಗಳಿಗೆಂದು ಬೇಸ್‌ಮೆಂಟಿನಲ್ಲಿ ಹಾಕಿಸಿದ ಬಿಳಿ ಬೋರ್ಡಿನ ಮೇಲೆ ಅವರು ಹಳೆಯ ಪಾಠಗಳನ್ನು ಬರೆದು, ಎದುರಿಗೆ ಯಾರೂ ಇಲ್ಲದೆ ವಿವರಿಸುತ್ತಿದ್ದರು. ಮರೆತುಹೋಗಬಾರದಲ್ಲ ಎನ್ನುತ್ತಿದ್ದರು. ಮಗಳು ಮೆಟ್ಟಿಲ ಮೇಲಿಂದ ಇಣುಕಿ, "ಅಪ್ಪ ಈಸ್ ಟೀಚಿಂಗ್ ದ ವಾಟರ್ ಹೀಟರ್ ಅಗೈನ್," ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತದ್ದೂ ಉಂಟು.

ಜಾಹೀರಾತು ಬಂದ ಆ ವಾರವೇ ವರಮಹಾಲಕ್ಷ್ಮಿ ಹಬ್ಬ. ನನ್ನ ಅಲಂಕಾರಕ್ಕೆ ಮಿಷಿಗನ್ನಿನ ನೋವೈ ಊರಿನ ನಮ್ಮ ಬಡಾವಣೆಯಲ್ಲಿ ಹೆಸರಿತ್ತು, ಅದರ ಜಂಬವೂ ನನಗಿತ್ತು. ಪಕ್ಕದೂರು ಕ್ಯಾಂಟನ್ನಿನ ಅಂಗಡಿಯಿಂದ ವೀಳ್ಯದೆಲೆ ತಂದು, ಕಳಶಕ್ಕೆ ನನ್ನ ಮದುವೆಯ ಧಾರೆಸೀರೆಯನ್ನೇ ಉಡಿಸಿದ್ದೆ. ನಮ್ಮಲ್ಲಿ ಮುಖ್ಯವಾದದ್ದು ಏನಿದ್ದರೂ ಅವತ್ತು ಅಮ್ಮನವರ ಮುಂದೆ ಇಡಬೇಕು. ಒಡವೆ, ಕಾರಿನ ಕೀ, ಪಾಸ್‌ಪೋರ್ಟುಗಳು ಎಲ್ಲ ಇಟ್ಟೆ. ನನ್ನ ಗಂಡ ಪೇಪರಿನಿಂದ ಆ ಜಾಹೀರಾತನ್ನು ನೀಟಾಗಿ ಕತ್ತರಿಸಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ತಂದುಕೊಟ್ಟರು. ಅದನ್ನೂ ಕಳಶಕ್ಕೆ ಒರಗಿಸಿ ನಿಲ್ಲಿಸಿ, ಇದಕ್ಕೆ ಯಾರೂ ಅರ್ಜಿ ಹಾಕದ ಹಾಗೆ ನೋಡಿಕೊ ತಾಯಿ ಎಂದು ಬೇಡಿಕೊಂಡೆ. ಯಾರ ಕಣ್ಣಿಗೂ ಬೀಳಬಾರದು ಎಂದು ಬೇಡಿಕೊಂಡದ್ದನ್ನು ಎಲ್ಲರ ಕಣ್ಣಿಗೂ ಬೀಳುವಲ್ಲಿ ಇಟ್ಟಿದ್ದೇವೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಸಂಜೆ ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ಪಕ್ಕದ ಮನೆಯ ಅಮೆರಿಕದ ಹೆಂಗಸೂ ಒಬ್ಬರು. ಪ್ರತಿ ವರ್ಷ ಬರುತ್ತಿದ್ದರು, ಬಳೆ ತೊಟ್ಟುಕೊಂಡು ಕೋಸಂಬರಿ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ನಾವು ಬಂದ ಮೊದಲ ಚಳಿಗಾಲದಲ್ಲಿ, ಹಿಮ ತೆಗೆಯುವುದು ಹೇಗೆಂದೇ ಗೊತ್ತಿಲ್ಲದೆ ನಾವು ಅಡುಗೆಮನೆಯ ಬಕೆಟ್ಟು ಹಿಡಿದು ನಿಂತಿದ್ದಾಗ, ಅವರ ಗಂಡ ತಮ್ಮ ಮಷಿನ್ ತಂದು ನಮ್ಮ ಮನೆಮುಂದಿನ ಡ್ರೈವ್‌ವೇ ಪೂರ್ತಿ ಬಿಡಿಸಿಕೊಟ್ಟಿದ್ದರು. ಆತನೂ ನನ್ನ ಹಾಗೆ ಕಾರಿನ ಗೇರುಗಳ ಇಂಜಿನಿಯರು. ಅವರ ಕಂಪನಿ ಆ ವಸಂತದಲ್ಲಿ ಬಹಳ ಜನರನ್ನು ಮನೆಗೆ ಕಳಿಸಿತ್ತು, ಅವರನ್ನೂ ಕಳಿಸಿತ್ತು. ವಾರದ ದಿನಗಳಲ್ಲೂ ಅವರ ಟ್ರಕ್ಕು ಮನೆಮುಂದೆಯೇ ನಿಂತಿರುತ್ತಿತ್ತು.

ಆಕೆ ಅಲಂಕಾರದ ಫೋಟೊ ತೆಗೆಯಲೇ ಎಂದು ಕೇಳಿದರು. ತೆಗೆಯಿರಿ ತೆಗೆಯಿರಿ ಎಂದು ನಾನೇ ದೀಪ ಸರಿಪಡಿಸಿ, ಅಡ್ಡ ಬರುತ್ತಿದ್ದ ಬಾಳೆಯ ಎಲೆಯನ್ನು ಬದಿಗೆ ಸರಿಸಿದೆ.

ಎರಡು ವಾರವಾಗಿರಬೇಕು. ಆಕೆ ಬಿಸಿ ಬ್ರೆಡ್ಡು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದರು. ಫೋಟೊವನ್ನು ಗಂಡನಿಗೆ ತೋರಿಸಿದ್ದರಂತೆ. ಅವರು ಅದನ್ನು ದೊಡ್ಡದು ಮಾಡಿ ನೋಡುತ್ತ ಜಾಹೀರಾತು ಓದಿದರಂತೆ. ಅರ್ಜಿ ಹಾಕಿದ್ದಾಯಿತು, ಇಂಟರ್‌ವ್ಯೂಗೆ ಕರೆಯೂ ಬಂತು. ಇಷ್ಟು ತಿಂಗಳಲ್ಲಿ ಬಂದ ಮೊದಲ ಕರೆ.

"ನಿಮ್ಮ ದೇವಿಯ ಪಾದದ ಹತ್ತಿರ ಇತ್ತಲ್ಲ, ಅದಕ್ಕೇ," ಎಂದು ಆಕೆ ನನ್ನನ್ನು ಅಪ್ಪಿಕೊಂಡರು.

 ಬ್ರೆಡ್ಡನ್ನು ಇಸಿದುಕೊಂಡು ಥ್ಯಾಂಕ್ಸ್ ಹೇಳಿದೆ. ಒಳಗೆ ಬಂದರೆ ನನ್ನ ಗಂಡ ಎಲ್ಲ ಕೇಳಿಸಿಕೊಂಡು ಗೋಡೆಗೆ ಒರಗಿ ನಿಂತಿದ್ದರು.

"ನಾನ್ ಹೋಗಿ ನಿಜ ಹೇಳ್ಬಿಡ್ಲಾ?" ಎಂದರು.

"ಬೇಡ ಕಣ್ರೀ. ನಾವು ಅಡ್ಡ ಬಂದ್ವಿ ಅಂತಾದ್ರೆ ಎಲ್ಲಾ ಕ್ಯಾನ್ಸಲ್ ಆಗತ್ತೆ. ಬಾಯೇ ಬಿಡಬೇಡಿ ಅಂದಿದಾರೆ ಲಾಯರು."

ಹೇಳುವುದಾದರೂ ಏನನ್ನು? ನಿಮಗೆ ಕೆಲಸ ಬೇಕಿದ್ದರೂ ಕೇಳಬೇಡಿ, ಅದು ನನ್ನದು ಎಂದೇ? ಅವರ ಊರು, ಅವರ ದೇಶ. ನನಗೆ ಅವರ ಮೇಲೆ ಸಿಟ್ಟೂ ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು. ಆ ಬ್ರೆಡ್ಡನ್ನು ನಾವಿಬ್ಬರೂ ಮುಟ್ಟಲಿಲ್ಲ. ಮಗಳೊಬ್ಬಳೇ ತಿಂದಳು.

ಇಂಟರ್‌ವ್ಯೂ ದಿನ ಆತ ಕೋಟು, ಟೈ ಹಾಕಿಕೊಂಡು ನಮ್ಮ ಆಫೀಸಿಗೆ ಬಂದರು. ಟೀಶರ್ಟಿನಲ್ಲಿ ಹುಲ್ಲು ಕತ್ತರಿಸುವುದನ್ನಷ್ಟೇ ನೋಡಿದ್ದ ನನಗೆ ಮೊದಲು ಗುರುತು ಸಿಗಲಿಲ್ಲ. ನನ್ನ ಜಾಗದ ಪಕ್ಕದಲ್ಲೇ ದಾರಿ. ನಿಂತು, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ಇನ್ನು ಮೇಲೆ ನಾವು ಒಟ್ಟಿಗೆ ಡ್ರೈವ್ ಮಾಡಿಕೊಂಡು ಬರಬಹುದು, ಪೆಟ್ರೋಲ್ ಉಳಿಯುತ್ತದೆ ಎಂದು ತಮಾಷೆ ಮಾಡಿದರು. ಅವರನ್ನು ಕರೆದುಕೊಂಡು ಹೋಗುತ್ತಿದ್ದ ನನ್ನ ಮ್ಯಾನೇಜರು ಕಾರ್ಪೆಟ್ಟು ನೋಡುತ್ತ ನಿಂತಿದ್ದರು. ಗಾಜಿನ ಕೋಣೆಯೊಳಗೆ ಆತ ಬೋರ್ಡಿನ ಮೇಲೆ ಏನೋ ಬರೆದು ಕೈ ಆಡಿಸಿ ವಿವರಿಸುವುದು ನನಗೆ ಕಾಣುತ್ತಿತ್ತು. ನನಗೆ ನಮ್ಮ ಬೇಸ್‌ಮೆಂಟಿನ ನೆನಪಾಯಿತು. ಆತ ಕೆಲಸ ಚೆನ್ನಾಗಿ ಬಲ್ಲವರು ಎಂಬುದು ದೂರದಿಂದಲೇ ಗೊತ್ತಾಗುತ್ತಿತ್ತು.

ಮರುವಾರ ಮ್ಯಾನೇಜರು ನನ್ನನ್ನು ಕರೆದು, ತಕ್ಕವರೊಬ್ಬರು ಸಿಕ್ಕಿದ್ದಾರೆ, ಅರ್ಜಿ ಹಾಕಲು ಆಗುವುದಿಲ್ಲ ಎಂದರು. ಸಾರಿ ಎಂದೂ ಹೇಳಿದರು. ನಾನು ಲ್ಯಾಪ್‌ಟಾಪಿನ ಮುಂದೆ ಬಂದು ಕೂತೆ. 

ಕಂಪನಿಯ ವಕೀಲರು ಶಿಕಾಗೋದಲ್ಲಿದ್ದರು. ಫೋನಿನಲ್ಲಿ ಮಾತಾಡಿದರೆ ಸಾಲದು, ಮುಖ ನೋಡಿದರೆ ಕರುಣೆ ಹುಟ್ಟೀತು ಎಂದು ನನ್ನ ಗಂಡನ ಆಸೆ. ಬೆಳಗ್ಗೆ ಹೊರಟು ಮಿಷಿಗನ್ ರಾಜ್ಯವನ್ನು ಅಡ್ಡಡ್ಡ ದಾಟಿ, ಮಗಳನ್ನು ಶಿಕಾಗೋ ಪಕ್ಕದ ಸ್ಕೋಕಿಯಲ್ಲಿ ನನ್ನ ಗಂಡನ ಕಸಿನ್ ಮನೆಯಲ್ಲಿ ಬಿಟ್ಟು ಹೋದೆವು. ವಕೀಲೆ ಒಳ್ಳೆಯ ಹೆಂಗಸು, ನೀರು ತರಿಸಿಕೊಟ್ಟರು. ಮತ್ತೆ ಜಾಹೀರಾತು ಕೊಡಬೇಕಾದರೆ ಆರು ತಿಂಗಳಾದರೂ ಕಾಯುವುದು ಪದ್ಧತಿ, ಅಷ್ಟರಲ್ಲಿ ನನ್ನ ಐದನೇ ವರ್ಷ ದಾಟಿಹೋಗಿರುತ್ತದೆ ಎಂದರು. ನನ್ನ ಗಂಡ ಕ್ಲಾಸಿನ ಮುಂದೆ ನಿಂತವರ ಹಾಗೆ ನೆಟ್ಟಗೆ ಕೂತು, ಬೇರೆ ದಾರಿ ಏನಾದರೂ ಇದೆಯೇ, ನಮ್ಮ ವಕೀಲರಾಗಿ ನೀವೇ ಹೇಳಿ ಎಂದು ಬೇಡಿಕೊಂಡರು.

"ನಾನು ಕಂಪನಿಯ ವಕೀಲೆ, ನಿಮ್ಮ ವಕೀಲೆ ಅಲ್ಲ," ಎಂದರು ಆಕೆ, ಮೆಲ್ಲಗೆ.

 ಮಗಳನ್ನು ಕರೆದುಕೊಂಡು ವಾಪಸು ಬರುವಾಗ ಹೆದ್ದಾರಿಯ ಒಂದು ಎಕ್ಸಿಟ್ಟಿನಲ್ಲಿ ಕಾರು ನಿಲ್ಲಿಸಿ ನನ್ನ ಗಂಡ ಇಳಿದು ಗಾಳಿಗೆ ನಿಂತರು. ಹಿಂದಿನ ಸೀಟಿನಿಂದ ಮಗಳು ಅಪ್ಪ ಅಳುತ್ತಿದ್ದಾರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದು ಎಂದೆ. ಸುಳ್ಳು ಹೇಳುವ ಚೈತನ್ಯ ಉಳಿದಿರಲಿಲ್ಲ.

ಊರಿಗೆ ಹೋಗುವುದೇನು ಜೈಲಿಗೆ ಹೋದ ಹಾಗೆಯೇ ಎಂದು ಕೇಳಿದವರಿದ್ದಾರೆ. ಅವರಿಗೆ ಉತ್ತರ ಹೇಳಿ ಹೇಳಿ ನಾಲಗೆ ಒಣಗಿದೆ. ನನ್ನ ಗಂಡ ಹಳೆಯ ಕಾಲೇಜಿಗೆ ಬರೆದರು. ಇಷ್ಟು ವರ್ಷ ಪಾಠ ಮಾಡದವರನ್ನು ತೆಗೆದುಕೊಳ್ಳುವುದು ಕಷ್ಟ ಎಂದು ಅವರ ಶಿಷ್ಯನೇ ಉತ್ತರ ಬರೆದ. ಅವನೇ ಈಗ ಅಲ್ಲಿ ವಿಭಾಗದ ಮುಖ್ಯಸ್ಥ. ಅದನ್ನು ಓದಿದ ದಿನ ಇವರು ಬೇಸ್‌ಮೆಂಟಿನ ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಮತ್ತೆ ಅದರ ಮೇಲೆ ಬರೆಯಲಿಲ್ಲ.

ಪಕ್ಕದ ಮನೆಯವರಿಗೂ ಕೆಲಸ ಸಿಗಲಿಲ್ಲ. ಸಿಗುವುದಕ್ಕೆ ಕೆಲಸವೇ ಇರಲಿಲ್ಲವಲ್ಲ. ಆತ ತಿಂಗಳುಗಟ್ಟಲೆ ಕರೆಗೆ ಕಾದರು. ಕೊನೆಗೆ ಹುದ್ದೆ ಹಿಂತೆಗೆದುಕೊಂಡಿದ್ದೇವೆ ಎಂದು ಒಂದು ಮೇಲ್ ಬಂತಂತೆ. ಟ್ರಕ್ಕು ಮನೆಮುಂದೆಯೇ ನಿಂತಿರುತ್ತಿತ್ತು. ಆ ಚಳಿಗಾಲದಲ್ಲೂ, ನಾವು ಏಳುವ ಮೊದಲೇ, ಆತ ನಮ್ಮ ಡ್ರೈವ್‌ವೇಯ ಹಿಮ ತೆಗೆದಿರುತ್ತಿದ್ದರು. ಕಿಟಕಿಯಿಂದ ಅದನ್ನು ನೋಡುವುದು ನನಗೆ ದೊಡ್ಡ ಹಿಂಸೆಯಾಗಿತ್ತು.

ಮುಂದಿನ ಹಬ್ಬದ ಹೊತ್ತಿಗೆ ಮನೆಯ ತುಂಬ ಡಬ್ಬಗಳು. ತಿಂಗಳೊಳಗೆ ಹೊರಡಬೇಕಿತ್ತು. ಯಾರನ್ನೂ ಕರೆಯಲಿಲ್ಲ. ಪುಸ್ತಕ ತುಂಬಿದ್ದ ಒಂದು ಡಬ್ಬದ ಮೇಲೆ ಪುಟ್ಟ ಕಳಶ ಇಟ್ಟು, ಒಂದು ರವಿಕೆ ಕಣ ಸುತ್ತಿದ್ದೆ. ಮುಂದೆ ಏನನ್ನೂ ಇಟ್ಟಿರಲಿಲ್ಲ. ಕರೆಯದಿದ್ದರೂ ಸಂಜೆ ಪಕ್ಕದ ಮನೆಯಾಕೆ ಬಂದರು. ಹಿಂದಿನ ವರ್ಷ ತೊಟ್ಟ ಬಳೆಗಳನ್ನೇ ತೊಟ್ಟುಕೊಂಡಿದ್ದರು. ಕುಂಕುಮ ಕೊಟ್ಟೆ. ಅವರು ಫೋನು ಕೈಯಲ್ಲಿ ಹಿಡಿದು, ಬಹಳ ಸಂಕೋಚದಿಂದ, ಒಂದು ಮಾತು ಕೇಳಬೇಕು ಎಂದರು.

"ನೀವು ಹೋದಮೇಲೆ ನಿಮ್ಮ ಜಾಗ ಖಾಲಿಯಾಗುತ್ತದಲ್ಲ. ನಮ್ಮನೆಯವರ ಹೆಸರನ್ನು ಒಂದು ಸಲ ಹೇಳಲಾಗುತ್ತದೆಯೇ?"

ಇನ್ನು ಕಾಪಾಡಿಕೊಳ್ಳುವುದಕ್ಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಹೇಳಿಬಿಟ್ಟೆ. ಜಾಗ ಖಾಲಿಯಾಗುವುದಿಲ್ಲ, ಕಂಪನಿ ಆ ಕೆಲಸವನ್ನು ನನ್ನ ಜೊತೆಗೇ ಬೆಂಗಳೂರಿನ ಆಫೀಸಿಗೆ ಕಳಿಸುತ್ತಿದೆ ಎಂದೆ. ಹೋದ ವರ್ಷದ ಜಾಹೀರಾತೂ ಇದೇ ಕುರ್ಚಿಯದು, ಆಗಲೂ ಅದರಲ್ಲಿ ನಾನೇ ಕೂತಿದ್ದೆ ಎಂದೆ.

 ಆಕೆಯ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ಹಾಗಾದರೆ ಅವತ್ತು ಇವರನ್ನು ಕರೆದು ಇಂಟರ್‌ವ್ಯೂ ಮಾಡಿದ್ದು ಯಾವ ಕೆಲಸಕ್ಕೆ?"

"ಯಾವುದಕ್ಕೂ ಅಲ್ಲ," ಎಂದೆ.

ತಟ್ಟೆಯಲ್ಲಿದ್ದ ಬಾಳೆಹಣ್ಣು, ಎಲೆ ಅಡಿಕೆಯನ್ನು ಆಕೆ ಎಂದಿನಂತೆ ಎರಡೂ ಕೈಯಲ್ಲಿ ತೆಗೆದುಕೊಂಡರು. ಫೋನನ್ನು ಜೇಬಿಗೆ ಹಾಕಿಕೊಂಡರು. ಆ ವರ್ಷ ಫೋಟೊ ತೆಗೆಯಲಿಲ್ಲ.