ಉಡಿ ತುಂಬಿದವಳ ಸೈಕಲ್ ಸವಾರಿ

ನಮ್ಮ ಮನೆಯವರು ನಿವೃತ್ತರಾದ ಮೇಲೆ ಮೊಬೈಲಿನಲ್ಲಿ ಜಗತ್ತು ಸುತ್ತತೊಡಗಿದರು. ನನಗೇನೂ ತಕರಾರಿರಲಿಲ್ಲ. ಜಗತ್ತು ಸುತ್ತುವಷ್ಟು ಹೊತ್ತು ಅವರು ಅಡುಗೆಮನೆಗೆ ಬಂದು ಉಪ್ಪು-ಖಾರದ ಬಗ್ಗೆ ಭಾಷಣ ಮಾಡುತ್ತಿರಲಿಲ್ಲ. ತಕರಾರು ಶುರುವಾದದ್ದು ಒಂದು ವಿದೇಶಿ ಜೋಡಿಯಿಂದ. ಆ ಗಂಡ ಹೆಂಡತಿ ಫೆರಿ ಹತ್ತಿ ದ್ವೀಪಕ್ಕೆ ಹೋಗುವುದು, ಚೀಲದಿಂದ ಮಡಚುವ ಸೈಕಲ್ ತೆಗೆದು ಬಿಚ್ಚುವುದು, ದ್ವೀಪ ಸುತ್ತಿ ಕಾಫಿ ಕುಡಿದು, ಸೈಕಲ್ ಮಡಚಿ ಮುಂದಿನ ದ್ವೀಪಕ್ಕೆ ಹೊರಡುವುದು. ಅವರ ಬಟ್ಟೆ ಯಾರು ಒಗೆಯುತ್ತಾರೆ ಅನ್ನುವುದನ್ನು ಮಾತ್ರ ವಿಡಿಯೊದಲ್ಲಿ ತೋರಿಸಲಿಲ್ಲ.

"ನಾವೂ ಹೋಗೂಣು," ಅಂದರು.

ನಾವಿರುವುದು ಸಿಂದಗಿಯಲ್ಲಿ. ಸಮುದ್ರ ಕಾಣಬೇಕೆಂದರೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂಡಬೇಕು. "ಯಾವ ದ್ವೀಪಕ್ಕರಿ? ಬಸ್ ಸ್ಟ್ಯಾಂಡ್ ಮುಂದ ಮಳಿ ನೀರು ನಿಂತೈತಲ್ಲ, ಅದರ ನಡುವಿಂದಕ್ಕೇನು?" ಅಂದೆ.

"ನಿನ್ನ ತವರುಮನಿ ಮುಂದ ಹೊಳಿ ಐತಿ. ಹೊಳ್ಯಾಗ ನಡುಗಡ್ಡಿ ಅದಾವು. ಮತ್ತೇನು ಬೇಕು?"

ನನ್ನ ತವರು ಮುದ್ದೇಬಿಹಾಳದ ಕಡೆಯ ತಂಗಡಗಿ, ಕೃಷ್ಣೆಯ ದಂಡೆ. ವಾರದೊಳಗೆ ಎರಡು ಮಡಚುವ ಸೈಕಲ್ ಮನೆಗೆ ಬಂದವು. ಇಂಡಿ ಊರಿನಲ್ಲಿರುವ ನಾದಿನಿ ಫೋನು ಮಾಡಿ, "ಈ ವಯಸ್ಸಿನ್ಯಾಗ ಸೈಕಲ್ ಹೊಡೀತೀಯಂತಲ್ಲ, ಮೊಳಕಾಲಿಗೆ ಹಚ್ಚೋ ಎಣ್ಣಿ ಕಳಿಸಲೇನು?" ಎಂದು ಪ್ರೀತಿಯಿಂದ ವಿಚಾರಿಸಿದಳು.

ಅವಳಿಗೆ ಗೊತ್ತಿರಲಿಲ್ಲ, ನನಗೆ ಸೈಕಲ್ಲೇ ಬರುವುದಿಲ್ಲ. ನನ್ನ ಅಣ್ಣತಮ್ಮಂದಿರು ಸೈಕಲ್ ಮೇಲೆ ಶಾಲೆಗೆ ಹೋದರು. ನಾನು ಅದೇ ರಸ್ತೆಯಲ್ಲಿ ಅವರೆಬ್ಬಿಸಿದ ಧೂಳು ತಿನ್ನುತ್ತ ನಡೆದೆ. ಹೆಣ್ಣು ಹುಡುಗಿ ಸೈಕಲ್ ಹತ್ತಿದರೆ ನೋಡಿದವರು ಏನೆಂದಾರು ಅನ್ನುವುದು ತವರಿನವರೆಲ್ಲರ ಚಿಂತೆ. ನೋಡುವವರಿಗೆ ಬೇರೆ ಕೆಲಸವಿಲ್ಲವೇ ಅಂತ ಒಬ್ಬರಾದರೂ ಕೇಳಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಸಾಯುವುದರೊಳಗೆ ಒಮ್ಮೆ, ಯಾರೂ ಹಿಡಿಯದೆ, ನಾನೊಬ್ಬಳೇ ಸೈಕಲ್ ಹೊಡೆಯಬೇಕು. ಅಷ್ಟೇ ನನ್ನ ಆಸೆ.

ಮಡಚುವ ಸೈಕಲ್ಲಿಗೆ ನಡುವೆ ದಂಡಿಗೆ ಇಲ್ಲ, ಸೀರೆಗೂ ನಡೆಯುತ್ತದೆ. ಬೆಳಕು ಹರಿಯುವ ಮೊದಲು ಮಾಳಿಗೆಯ ಮೇಲೆ ನೀರಿನ ಟ್ಯಾಂಕು ಸುತ್ತುವುದನ್ನು ಕಲಿತೆ. ಮನೆಯವರು ಹಿಂದಿನಿಂದ ಸೀಟು ಹಿಡಿದು ಓಡುತ್ತಿದ್ದರು. "ಬಿಡ್ಲ್ಯಾ?" ಅನ್ನುವರು. "ಬಿಟ್ಟಗಿಟ್ಟೀರಿ!" ಅನ್ನುವೆ. ಮಾಳಿಗೆಯಿಂದ ಇಳಿದು ಓಣಿಯಲ್ಲಿ ಹೊಡೆಯುವ ಧೈರ್ಯ ಬರಲಿಲ್ಲ. ನಮ್ಮ ಓಣಿಯ ಕಿಟಕಿಗಳಿಗೆ ಪರದೆ ಇರುವುದೇ ಸರಿಸಿ ನೋಡುವುದಕ್ಕೆ. ಅದಕ್ಕೇ ನಡುಗಡ್ಡೆಯ ಮಾತಿಗೆ ಹೂಂ ಅಂದೆ. ಅಲ್ಲಿ ನನ್ನನ್ನು ಬಲ್ಲವರು ಯಾರಿರುತ್ತಾರೆ?

ಬಸ್ಸಿನ ಕಂಡಕ್ಟರು ಮಡಚಿದ ಸೈಕಲ್ ನೋಡಿ, "ಹೊಲಿಗಿ ಮಷಿನ್ ಏನ್ರಿ?" ಎಂದ. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗಲೂ ಒಬ್ಬರು ಅದನ್ನೇ ಕೇಳಿದರು. ಮನೆಯವರ ಮರ್ಯಾದೆಗೆ ಪೆಟ್ಟು ಬಿತ್ತು. ಅಲ್ಲೇ ನಿಲ್ದಾಣದಲ್ಲಿ ಸೈಕಲ್ ಬಿಚ್ಚಿ ಪ್ರದರ್ಶನಕ್ಕಿಟ್ಟರು. ಮಂದಿ ನೆರೆದರು, ಗಂಟೆ ಬಾರಿಸಿದರು, ಸೀಟು ಒತ್ತಿ ನೋಡಿದರು. ಬಿಚ್ಚಿದ್ದು ಮತ್ತೆ ಮಡಚಲು ಬರಲಿಲ್ಲ. ಬಿಚ್ಚಿದ್ದನ್ನು ಮಡಚಿಡುವ ರೂಢಿ ಅವರಿಗಿಲ್ಲ ಅನ್ನುವುದು ನಮ್ಮ ಮನೆಯ ಹಾಸಿಗೆಗಳಿಗೆಲ್ಲ ಗೊತ್ತು. ಮುದ್ದೇಬಿಹಾಳದ ಬಸ್ಸು ನಮ್ಮ ಮುಂದೆಯೇ ಹೋಯಿತು, ಮುಂದಿನದು ಹತ್ತಿದೆವು.

ತಂಗಡಗಿಯ ಫೆರಿ ಅಂದರೆ ಡೀಸೆಲ್ ಎಂಜಿನ್ನಿನ ದೋಣಿ. ಆಡು, ಮೇವಿನ ಸಿವುಡು, ಒಂದು ಮೋಟಾರ್ ಸೈಕಲ್, ನಾವು. ದೋಣಿಯವ ನನ್ನ ಮುಖ ನೋಡಿ, ನನ್ನ ಅಪ್ಪನ ಹೆಸರು ಹೇಳಿ, "ಅವರ ಮಗಳಲ್ಲೇನವಾ?" ಅಂದ. ಅಲ್ಲಿಗೆ ಮುಗಿಯಿತು. ಮೊದಲ ನಡುಗಡ್ಡೆ ಇನ್ನೂ ದೂರವಿರುವಾಗಲೇ ಅವನು ಎದ್ದುನಿಂತು ಕೂಗಿದ: "ತಂಗಡಗಿ ಹೆಣ್ಣಮಗಳು ಬಂದಾಳ್ರೆವಾ!"

ನಮ್ಮ ಕಡೆ ಹೆಣ್ಣುಮಗಳು ಬಂದಳೆಂದರೆ ಬರಿಗೈಯಲ್ಲಿ ಕಳಿಸುವುದಿಲ್ಲ. ಸೆರಗು ಒಡ್ಡಿಸಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಎಲೆ ಅಡಿಕೆ ಹಾಕಿ ಉಡಿ ತುಂಬುತ್ತಾರೆ. ತುಂಬಿದ ಉಡಿಯನ್ನು ಮನೆಯ ದೇವರ ಮುಂದೆಯೇ ಬಿಚ್ಚಬೇಕು, ಅಲ್ಲಿಯವರೆಗೆ ನೆಲಕ್ಕಿಡಬಾರದು. ನಾನು ಎಲ್ಲರ ಕಣ್ಣು ತಪ್ಪಿಸಲು ಆರಿಸಿದ್ದು ನನ್ನ ತವರಿನ ಹೊಳೆಯನ್ನು. ನನ್ನ ಬುದ್ಧಿಗೆ ಏನು ಹೇಳಲಿ?

ಮೊದಲ ಗಡ್ಡೆಯಲ್ಲಿ ಗುಡಿಸಲಿಂದ ಹೆಂಗಸರು ಓಡಿಬಂದು ಉಡಿ ತುಂಬಿದರು. ಎರಡೂ ಕೈಯಲ್ಲಿ ಸೆರಗು ಅವುಚಿಕೊಂಡು ನಾನು ಕಲ್ಲಿನ ಮೇಲೆ ಕೂತೆ. ಮನೆಯವರು ಒಬ್ಬರೇ ಗಡ್ಡೆ ಸುತ್ತಿದರು, ಹಿಂದೆ ಎರಡು ನಾಯಿ. ಎರಡನೆಯ ಗಡ್ಡೆಯಲ್ಲಿ ಮತ್ತೆ ಉಡಿ. ಅಲ್ಲಿ ಅಕ್ಕಿ ಇರಲಿಲ್ಲವೆಂದು ಜೋಳ ಹಾಕಿದರು, ಹಣ್ಣಿಲ್ಲವೆಂದು ಸೌತೆಕಾಯಿ. ವಿದೇಶಿ ಜೋಡಿಗೆ ಕಾಫಿ, ನನಗೆ ಸಂತೆ.

ಮೂರನೆಯದರಲ್ಲಿ ಒಂದೇ ಗುಡಿಸಲು, ಒಂದು ಉಳ್ಳಾಗಡ್ಡಿಯ ಪಟ್ಟಿ. ಗುಡಿಸಲಿಂದ ನೀರಿನ ತನಕ ಗಟ್ಟಿ ನೆಲದ ಇಳಿಜಾರು ದಾರಿ, ಯಾರೋ ನನಗಾಗಿಯೇ ಬಡಿದು ಸಮ ಮಾಡಿಟ್ಟಂತಿತ್ತು. ಗುಡಿಸಲಿನಾಕೆಯೂ ತೆಂಗಿನಕಾಯಿ ಹಿಡಿದೇ ಬಂದಳು. ಬೇಡ ಅನ್ನುವ ಬಾಯಿ ನನಗಿಲ್ಲ. ಅಷ್ಟು ಅಕ್ಕರೆಯಿಂದ ಕೊಡುವಾಗ ಹೇಗೆ ಅನ್ನಲಿ? ದೋಣಿಯವ ಇದೇ ಕಡೆಯ ದೋಣಿ ಎಂದು ಕೂಗತೊಡಗಿದ. ನನಗೆ ಅಳು ಬಂತು.

"ಆತು ಬಿಡ್ರಿ, ಹೋಗೂಣು," ಅಂದೆ.

ಮನೆಯವರು ನನ್ನ ಮುಖ ನೋಡಿದರು. ಹೆಗಲ ಮೇಲಿನ ಶಲ್ಯ ತೆಗೆದು, ಎರಡು ಕೈಯಲ್ಲಿ ಅಗಲಿಸಿ ಹಿಡಿದು, "ಹಾಕು ಇದರಾಗ," ಅಂದರು.

ಗುಡಿಸಲಿನಾಕೆ ಬಾಯಿಗೆ ಸೆರಗಿಟ್ಟುಕೊಂಡಳು. "ಗಂಡಸರು ಉಡಿ ಹಿಡೀತಾರೇನ್ರಿ ಎಲ್ಲ್ಯರ?"

"ನೆಲಕ್ಕ ಇಡಬಾರದು ಅಂತ ಐತಿ. ಗಂಡ ಹಿಡೀಬಾರದು ಅಂತ ಯಾರು ಹೇಳ್ಯಾರ?"

ದೋಣಿಯಲ್ಲಿದ್ದವರು ನಕ್ಕದ್ದು ಗುಡಿಸಲಿನವರೆಗೆ ಕೇಳಿಸಿತು. ನಾನು ಅಕ್ಕಿ, ಜೋಳ, ಕಾಯಿ, ಸೌತೆಕಾಯಿ ಎಲ್ಲವನ್ನೂ ಅವರ ಶಲ್ಯಕ್ಕೆ ಸುರಿದೆ. ಮೂವತ್ತು ವರ್ಷ ಕಚೇರಿಯಲ್ಲಿ ಗತ್ತಿನಿಂದ ಕೂತ ಮನುಷ್ಯ ಬಸುರಿಯ ಹಾಗೆ ಹಿಂದಕ್ಕೆ ವಾಲಿ ನಿಂತಿದ್ದರು. ಸೀರೆ ಎತ್ತಿ ಸಿಕ್ಕಿಸಿ ಸೈಕಲ್ ಹತ್ತಿದೆ. ರೂಢಿಯಂತೆ, "ಹಿಂದ ಹಿಡೀರಿ," ಅಂದೆ.

"ಕೈ ಎಲ್ಲಿ ಖಾಲಿ ಅದಾವು? ನೀನ ಹೋಗು."

ಹೋದೆ. ಹ್ಯಾಂಡಲ್ ನಡುಗಿತು, ಉಳ್ಳಾಗಡ್ಡಿ ಪಟ್ಟಿಯ ಅಂಚು ಹತ್ತಿರ ಬಂತು, ದೂರ ಹೋಯಿತು. ನೀರು ಎದುರಿಗೆ ಬಂದಾಗ ನೆನಪಾಯಿತು: ನನಗೆ ಯಾರೂ ಬ್ರೇಕು ಹಿಡಿಯುವುದನ್ನು ಕಲಿಸಿಲ್ಲ. ಸೈಕಲ್ ಸೀದಾ ಕೃಷ್ಣೆಯೊಳಗೆ ಹೋಗಿ ನಿಂತಿತು. ಮೊಳಕಾಲುದ್ದ ನೀರಿನಲ್ಲಿ ಸೈಕಲ್ ಹಿಡಿದು ನಿಂತು, ನಗುತ್ತ, ಬೈಯಲೆಂದು ಹಿಂದೆ ತಿರುಗಿದೆ. ಅವರು ಅಷ್ಟು ದೂರದಲ್ಲಿ, ಗುಡಿಸಲಿನ ಹತ್ತಿರವೇ ಶಲ್ಯ ಅವುಚಿಕೊಂಡು ನಿಂತಿದ್ದರು. ಅಲ್ಲಿಂದ ಇಲ್ಲಿಯವರೆಗೆ ನನ್ನ ಹಿಂದೆ ಯಾರೂ ಇರಲಿಲ್ಲ.